ಬೂದು ಬಣ್ಣದ ಜೋಡಿ ಬಂದೂಕು

ಕಂತು ಒಂಬತ್ತು

“ಫೈಬರ್‌ಗ್ಲಾಸೋ ಪ್ಲಾಸ್ಟಿಕ್ಕೋ ಅಂದ್ರೆ ಒಂದೇ ಮಾತಲ್ಲಿ ಹೇಳೋಕಾಗಲ್ಲ ತಾಯಿ,” ಎಂದು ಬಂದೂಕು ರಿಪೇರಿಯವನು ನಾಲ್ಕನೆಯ ಸಲ ಹೇಳಿದ.

ಒಂದೇ ಮಾತಿನಲ್ಲಿ ಹೇಳಿ ಎಂದು ಇನ್ಸ್‌ಪೆಕ್ಟರ್ ಮೂರು ಸಲ ಕೇಳಿಯಾಗಿತ್ತು. ಠಾಣೆಯಲ್ಲಿ ಬೆನ್ನ ಹಿಂದೆ ತನ್ನನ್ನು ‘ಗಂಟುಮೋರೆ’ ಅನ್ನುತ್ತಾರೆಂದು ಆಕೆಗೆ ಗೊತ್ತಿತ್ತು. ಇಂಥವರ ಎದುರು ಕೂತರೆ ಮೋರೆ ಗಂಟಾಗದೆ ಹೂವಾಗುತ್ತದೆಯೆ? ಅಂಗಡಿಯ ಗೋಡೆಯ ಗಡಿಯಾರ ಹನ್ನೊಂದೂ ಹತ್ತು ತೋರಿಸುತ್ತಿತ್ತು.

ಪೊಲೀಸ್ ವಶದ ಗಡುವು ಮುಗಿಯುತ್ತಿತ್ತು, ಮೂರು ಗಂಟೆಗೆ ಕೊಲೆಯ ಆರೋಪ ಹೊತ್ತ ಡ್ರಾಯಿಂಗ್ ಮೇಷ್ಟ್ರನ್ನು ಮತ್ತೆ ನ್ಯಾಯಾಧೀಶರ ಮುಂದೆ ನಿಲ್ಲಿಸಬೇಕು. ಮಂಗಳವಾರ ಬೆಳಕು ಹರಿಯುವ ಹೊತ್ತಿಗೆ ರೈಫಲ್ ಕ್ಲಬ್ಬಿನ ಕಾರ್ಯದರ್ಶಿ ಗುರಿಹಲಗೆಗೆ ಕಾಗದ ಅಂಟಿಸುತ್ತ ನಿಂತಲ್ಲೇ ಗುಂಡು ತಿಂದು ಸತ್ತಿದ್ದರು. ಆ ಗುಂಡು ಮೇಷ್ಟ್ರ ಬೀರುವಿನಿಂದ ತಂದ ರೈಫಲ್ಲಿನದೇ ಎಂದು ಪರೀಕ್ಷೆಯ ವರದಿ ಬಂದಿತ್ತು. “ರೈಫಲ್ ನನ್ನ ಬೀರುವಿನಲ್ಲೇ ಇತ್ತು, ಬೀಗದ ಕೈ ನನ್ನ ಸೊಂಟದಲ್ಲೇ ಇತ್ತು, ಬೇರೆ ಯಾರೂ ಮುಟ್ಟಿಲ್ಲ,” ಎಂದು ಮೇಷ್ಟ್ರು ತಾವಾಗಿ ಹೇಳಿಕೆ ಕೊಟ್ಟು ರುಜುವನ್ನೂ ಹಾಕಿದ್ದರು. ತನ್ನ ಕುತ್ತಿಗೆಗೆ ತಾನೇ ಇಷ್ಟು ಅಚ್ಚುಕಟ್ಟಾಗಿ ಹಗ್ಗ ಹೊಸೆದುಕೊಂಡ ಇನ್ನೊಬ್ಬನನ್ನು ಆಕೆ ನೋಡಿರಲಿಲ್ಲ.

ಇವತ್ತು ಬೆಳಗ್ಗೆ ಕೋರ್ಟಿಗೆಂದು ಉಗ್ರಾಣದಿಂದ ರೈಫಲ್ ತೆಗೆಸಿದಾಗ ಒಂದು ಸಣ್ಣ ವಿಷಯ ಕಣ್ಣಿಗೆ ಬಿತ್ತು. ನಳಿಗೆಗೂ ಅದರ ಕೆಳಗಿನ ಹಿಡಿಗೂ ನಡುವೆ ಒಂದು ಕಾಗದ ತೂರುವಷ್ಟು ಸಂದು ಇರಬೇಕು. ಈಗ ಇರಲಿಲ್ಲ. ಹಿಡಿ ಸೊಟ್ಟಗಾಗಿ ನಳಿಗೆಗೆ ಒತ್ತಿಕೊಂಡಿತ್ತು. ತಮ್ಮ ರೈಫಲ್ಲಿನ ಹಿಡಿ ಫೈಬರ್‌ಗ್ಲಾಸಿನದು, ಬಿಸಿಲಿಗೆ ಜಗ್ಗದು ಮಳೆಗೆ ಬಗ್ಗದು ಎಂದು ಮೇಷ್ಟ್ರು ಮೊದಲ ದಿನವೇ ಅರ್ಧ ಗಂಟೆ ಕೊರೆದಿದ್ದರು. ಜಗ್ಗದ ವಸ್ತು ಸೊಟ್ಟಗಾದದ್ದು ಹೇಗೆ? ಅದಕ್ಕೇ ಈ ಅಂಗಡಿ, ಅದಕ್ಕೇ ಈ ಪುರಾಣ.

ಊರೆಲ್ಲ ‘ಟಕಟಕ’ ಎಂದು ಕರೆಯುತ್ತಿದ್ದ ರಿಪೇರಿಯವನು ರೈಫಲ್ಲನ್ನು ತೊಡೆಯ ಮೇಲೆ ಮಲಗಿಸಿಕೊಂಡು ಬೆರಳಿನ ಗೆಣ್ಣಿನಿಂದ ಉದ್ದಕ್ಕೂ ತಟ್ಟುತ್ತಿದ್ದ. ಬಂದೂಕಿಗೆ ಕಬ್ಬಿಣ ಜೀವವಾದರೆ, ಭುಜಕ್ಕೆ ಆನಿಸಿ ಕೆನ್ನೆ ಒರಗಿಸುವ ಈ ಭಾಗ ಅದರ ಮೈ, ಕಸುಬಿನವರು ಸ್ಟಾಕ್ ಅನ್ನುತ್ತಾರೆ ಎಂದು ಅವನು ವಿವರಿಸಿದ. ಫೈಬರ್‌ಗ್ಲಾಸಿನದಾದರೆ ಗಾಜಿನೆಳೆಯ ಬಟ್ಟೆಯನ್ನು ಅಂಟಿನಲ್ಲಿ ನೆನೆಸಿ ಪದರದ ಮೇಲೆ ಪದರ ಕೈಯಲ್ಲೇ ಕೂರಿಸಬೇಕು. ಗಟ್ಟಿ, ಬೇಕಾದರೆ ಉಜ್ಜಿ ಕೆನ್ನೆಗೆ ತಕ್ಕಂತೆ ಹೊಂದಿಸಿಕೊಳ್ಳಬಹುದು. ಪ್ಲಾಸ್ಟಿಕ್ಕಿನದು ಅಚ್ಚಿಗೆ ಹೊಯ್ದದ್ದು, ದಿನಕ್ಕೆ ನೂರು ಬೀಳುತ್ತವೆ, ನೂರಕ್ಕೂ ಒಂದೇ ಮುಖ. ಎತ್ತಿ ಎಸೆದರೂ ಒಡೆಯದು, ಹತ್ತು ಜನ ಎಳೆದಾಡುವ ಕ್ಲಬ್ಬಿಗೆ ಅದೇ ಲೇಸು ಅನ್ನುವವರ ಮಾತೂ ಸುಳ್ಳಲ್ಲ.

“ಹಂಗಾದ್ರೆ ಇದು ಯಾವುದು?” ಎಂದಳು ಆಕೆ.

“ಹೇಳ್ತೀನಿ, ಹೇಳ್ತೀನಿ.”

ಹೇಳಲಿಲ್ಲ. ಬದಲಿಗೆ ಕ್ಲಬ್ಬಿನ ಜಗಳದ ಕತೆ ತೆಗೆದ. ಹನ್ನೆರಡು ರೈಫಲ್ಲಿಗೆ ಹೊಸ ಸ್ಟಾಕ್ ಹಾಕಿಸುವುದೆಂದು ತೀರ್ಮಾನವಾದ ದಿನದಿಂದ ಕ್ಲಬ್ಬು ಎರಡು ಹೋಳಾಗಿತ್ತು. ಮೇಷ್ಟ್ರದು ಫೈಬರ್‌ಗ್ಲಾಸ್ ಪಕ್ಷ. ವ್ಯಾಯಾಮದ ಕೋಚು, ಹಲ್ಲಿನ ಡಾಕ್ಟರು, ಕ್ಲಬ್ಬಿನ ಗೌರವಾಧ್ಯಕ್ಷರೂ ಇನ್ಸ್‌ಪೆಕ್ಟರಳ ಮೇಲಧಿಕಾರಿಯೂ ಆದ ಪೊಲೀಸ್ ಸಾಹೇಬರು, ಅರ್ಧ ಕಮಿಟಿ ಎಲ್ಲ ಪ್ಲಾಸ್ಟಿಕ್ ಪಕ್ಷ. ಕೊನೆಗೆ ಕಾರ್ಯದರ್ಶಿ ಒಂದು ಉಪಾಯ ಮಾಡಿದರು. ಒಂದೇ ಥರದ ಎರಡು ರೈಫಲ್ಲಿಗೆ ಒಂದೊಂದು ಬಗೆಯ ಸ್ಟಾಕ್ ತೊಡಿಸಿ, ಎರಡಕ್ಕೂ ಒಂದೇ ಬೂದು ಬಣ್ಣ ಬಳಿಸಿ, ಯಾವುದು ಯಾವುದೆಂದು ಹೇಳದೆ ಭಾನುವಾರ ಎಲ್ಲರ ಕೈಗೂ ಕೊಟ್ಟರು. ಆಮೇಲೆ ಒಂದನ್ನು ಮೇಷ್ಟ್ರಿಗೆ, ಇನ್ನೊಂದನ್ನು ಮತ್ತೊಬ್ಬ ಸದಸ್ಯರಿಗೆ ವಾರದ ಮಟ್ಟಿಗೆ ಮನೆಗೆ ಕೊಟ್ಟು ಕಳಿಸಿದರು. ಆ ಮತ್ತೊಬ್ಬರು ಯಾರೆಂದು ಬರೆದಿಟ್ಟ ಪುಸ್ತಕ ಕಾರ್ಯದರ್ಶಿಯ ಮೇಜಿನಿಂದ ಮಾಯವಾಗಿತ್ತು. ಕೇಳಿದರೆ ಕ್ಲಬ್ಬಿನಲ್ಲಿ ಪ್ರತಿಯೊಬ್ಬನೂ ನಾನಲ್ಲ ಅನ್ನುತ್ತಿದ್ದ.

ಅಷ್ಟರಲ್ಲಿ ಇನ್ಸ್‌ಪೆಕ್ಟರಳ ಫೋನು ಬಡಿದುಕೊಂಡಿತು. ಸಾಹೇಬರು. ಕೊಲೆಯ ವಿಷಯವಿರಬೇಕೆಂದು ಆಕೆ ಎದ್ದು ನಿಂತಳು. ಅಲ್ಲ. ಲಾಂಡ್ರಿಯವನು ಯಾವುದೋ ದರಿದ್ರ ಪುಡಿ ಹಾಕಿ ಮನೆಮಂದಿಯ ಬಟ್ಟೆಯನ್ನೆಲ್ಲ ಹಾಳು ಮಾಡಿದ್ದಾನೆ, ಹೆಂಡತಿ ತಲೆ ತಿನ್ನುತ್ತಿದ್ದಾಳೆ, ಅವನನ್ನು ಕರೆಸಿ ಎರಡು ಮಾತು ಬೈಯಿರಿ ಎಂದು ನಿನ್ನೆಯೇ ಹೇಳಿದ್ದೆನಲ್ಲ, ಏನಾಯಿತು ಎಂದು ಕೇಳಿದರು. ಮಾಡುತ್ತೇನೆ ಸಾರ್ ಎಂದು ಆಕೆ ಫೋನು ಇಟ್ಟಳು. ಹೆಣ ಬಿದ್ದ ಕೇಸಿನ ನಡುವೆ ಸಾಹೇಬರ ಮನೆಯ ಬಟ್ಟೆ ಬೇರೆ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತಂತೆ. ಬಾಗಿಲಲ್ಲಿ ತಲೆ ತಗ್ಗಿಸಿ ನಿಂತಿದ್ದ ದಫೇದಾರನಿಗೆ, ಉದ್ದಕ್ಕೆ ಬೆಳೆದು ‘ಏಣಿ’ ಅನ್ನಿಸಿಕೊಂಡವನಿಗೆ, ಆ ಲಾಂಡ್ರಿಯವನನ್ನು ಎರಡು ಗಂಟೆಗೆ ಠಾಣೆಗೆ ಬರಹೇಳಿ ಪೀಡೆ ಕಳೆಯಲು ಹೇಳಿದಳು.

ಇತ್ತ ಟಕಟಕ ತಿರುಪುಳಿ ತೆಗೆದುಕೊಂಡು ಸ್ಟಾಕಿನ ಹಿಂಬದಿಯ ರಬ್ಬರ್ ಮುಚ್ಚಳ ಬಿಚ್ಚಿದ್ದ. ಒಳಗೆ ಬೆರಳು ತೂರಿಸಿ ಹತ್ತಿಯ ಉಂಡೆಯೊಂದನ್ನು ಎಳೆದ. ಅದರ ಹಿಂದೆ ಸೀಸದ ಮೂರು ತುಂಡು ಅವನ ಅಂಗೈಗೆ ಉರುಳಿದವು.

“ಇದು ಪ್ಲಾಸ್ಟಿಕ್ಕು ತಾಯಿ. ಎರಡರ ತೂಕ ಸಮ ಬರಲಿ ಅಂತ ನಾನೇ ತುಂಬಿದ ಸೀಸ. ಫೈಬರ್‌ಗ್ಲಾಸಿಗೆ ಏನೂ ತುಂಬಿಲ್ಲ. ಕೇಳಿ, ತಟ್ಟಿದ್ರೆ ಟೊಳ್ಳು ಶಬ್ದ. ಕಾವಿಗೆ ಮುಂಭಾಗ ಜಗ್ಗಿದೆ.”

ಠಾಣೆಯ ಉಗ್ರಾಣಕ್ಕೆ ತಗಡಿನ ಮಾಡು. ಮಧ್ಯಾಹ್ನದಲ್ಲಿ ಒಳಗೆ ಕಾಲಿಟ್ಟರೆ ಒಲೆಯ ಮುಂದೆ ನಿಂತ ಹಾಗೆ. ಪರೀಕ್ಷೆಗೆ ಹೋಗಿ ಬಂದದ್ದು ಬಿಟ್ಟರೆ ಮೂರು ದಿನ ಅಲ್ಲೇ ಒರಗಿದ್ದ ಪ್ಲಾಸ್ಟಿಕ್ಕು ಜಗ್ಗಿತ್ತು.

ಇದನ್ನು ಮೊದಲೇ ಹೇಳಬಾರದಿತ್ತೆ ಎಂದು ಆಕೆ ಹಲ್ಲು ಕಚ್ಚಿ ಕೇಳಿದಳು. ನೀವು ಫೈಬರ್‌ಗ್ಲಾಸ್ ಒಳ್ಳೆಯದೋ ಪ್ಲಾಸ್ಟಿಕ್ ಒಳ್ಳೆಯದೋ ಅಂತ ಕೇಳುತ್ತಿದ್ದೀರಿ ಅಂದುಕೊಂಡೆ, ಎಲ್ಲರೂ ಅದನ್ನೇ ಕೇಳುವುದು ಎಂದ ಅವನು. ಆಕೆ ಅವನ ಹೇಳಿಕೆ ಬರೆಸಿ ರುಜು ಹಾಕಿಸಿಕೊಂಡಳು.

ಜೀಪಿನಲ್ಲಿ ಕೂತ ಮೇಲೆ ಆಕೆಯ ಸಿಟ್ಟೆಲ್ಲ ತನ್ನ ಮೇಲೆಯೇ ತಿರುಗಿತು. ಮಂಗಳವಾರ ಬೆಳಗ್ಗೆ ಮೇಷ್ಟ್ರ ಮನೆಯಲ್ಲಿ ಪೆಟ್ಟಿಗೆ ಸಮೇತ ರೈಫಲ್ ಎತ್ತಿಕೊಂಡಾಗ ಅರಗು ಮುಗಿದುಹೋಗಿತ್ತು. ಠಾಣೆಗೆ ಹೋಗಿ ಮೊಹರು ಹಾಕಿದರಾಯಿತು ಎಂದುಕೊಂಡಳು. ನಂಬರಾದರೂ ಬರೆದುಕೊಳ್ಳಬಹುದಿತ್ತು, ಆದರೆ ಅದು ಸ್ಟಾಕಿನ ಒಳಗೆ ಅಡಗಿತ್ತು, ತಿರುಪು ಬಿಚ್ಚದೆ ಕಾಣುತ್ತಿರಲಿಲ್ಲ. ಮೊಹರೂ ನಂಬರೂ ಎರಡೂ ಆದದ್ದು ಬುಧವಾರ ಬೆಳಗ್ಗೆ. ನಡುವೆ ಒಂದಿಡೀ ರಾತ್ರಿ ಪೆಟ್ಟಿಗೆ ಬರಿಮೈಯಲ್ಲಿ ಉಗ್ರಾಣದಲ್ಲಿ ಕೂತಿತ್ತು. ಇಪ್ಪತ್ತು ವರ್ಷದ ನೌಕರಿಯಲ್ಲಿ ಇಂಥ ಸೋಮಾರಿತನಕ್ಕೆ ಎಷ್ಟು ಜನ ಕಿರಿಯರನ್ನು ಆಕೆ ಬೈದಿದ್ದಳು.

ಆ ರಾತ್ರಿ ಉಗ್ರಾಣದ ಬೀಗದ ಕೈ ಯಾರ ಹತ್ತಿರ ಇತ್ತೆಂದು ಏಣಿಯನ್ನು ಕೇಳಿದಳು. ತನ್ನ ಹತ್ತಿರ ಒಂದು, ಸಾಹೇಬರ ಕಪಾಟಿನಲ್ಲಿ ಒಂದು ಎಂದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಪೈಕಿಯವನಲ್ಲ ಏಣಿ. ಆದರೂ ಅವನು, “ಮೇಡಂ, ನಿಮಗೆ ನನ್ನ ಮೇಲೆ ಅನುಮಾನವಾ?” ಎಂದು ಕೇಳಿದ. ಹನ್ನೊಂದು ವರ್ಷ ಜೊತೆಯಲ್ಲಿ ದುಡಿದವನಿಗೆ ಇಲ್ಲ ಎಂದು ಒಡನೆ ಹೇಳಲಾಗದ್ದಕ್ಕೆ ಆಕೆಗೆ ನಾಚಿಕೆಯಾಯಿತು.

ಠಾಣೆಯ ಮುಂದಿನ ಬೆಂಚಿನಲ್ಲಿ ಮೇಷ್ಟ್ರ ಅಕ್ಕ ಕೂತಿದ್ದರು. ನಾಲ್ಕು ದಿನದಿಂದ ಕೊಡೆ ಮಡಿಲಲ್ಲಿಟ್ಟುಕೊಂಡು ಅಲ್ಲೇ ಬೇರು ಬಿಟ್ಟಿದ್ದರು. ಮದುವೆಯಾಗದ ತಮ್ಮ, ಗಂಡ ತೀರಿಕೊಂಡ ಅಕ್ಕ, ಇಬ್ಬರದೇ ಸಂಸಾರ. ತಮ್ಮ ಜೈಲು ಸೇರಿದರೆ ಆ ಮನೆಯಲ್ಲಿ ಅವರ ಪಾಲಿಗೆ ಜಗಳಕ್ಕೂ ಯಾರಿಲ್ಲ.

ಇನ್ಸ್‌ಪೆಕ್ಟರ್ ಮೇಷ್ಟ್ರನ್ನು ಹೊರಕೋಣೆಗೆ ಕರೆಸಿ ಮೇಜಿನ ಮೇಲೆ ರೈಫಲ್ ಇಟ್ಟಳು. ಇದುವರೆಗೆ ಅವರಿಗೆ ಪಟ ತೋರಿಸಿದ್ದರೇ ಹೊರತು ವಸ್ತುವನ್ನೇ ತೋರಿಸಿರಲಿಲ್ಲ.

ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡು ಬಗ್ಗಿದರು. ಕೆನ್ನೆ ಒರಗಿಸುವ ಜಾಗದ ಮೇಲೆ ಅವರ ಹೆಬ್ಬೆರಳು ಮೆಲ್ಲಗೆ ಸರಿಯಿತು. ಅಲ್ಲಿ ಬೂದು ಬಣ್ಣ ನುಣ್ಣಗೆ, ಒಂದು ಗೀರೂ ಇಲ್ಲದೆ ಇತ್ತು. ಹೆಬ್ಬೆರಳು ಇನ್ನೊಮ್ಮೆ ಸರಿಯಿತು. ಮುಖದ ರಕ್ತವೆಲ್ಲ ಇಳಿದುಹೋಯಿತು.

“ಇದು ನಿಮ್ಮದೇನಾ ಮೇಷ್ಟ್ರೇ?”

“ಇರಬೇಕು.”

“ಇರಬೇಕು ಅಂದ್ರೆ? ಕಣ್ಣು ಕಟ್ಟಿದ್ರೂ ಕೆನ್ನೆ ತಾಗಿಸಿ ಗುರುತು ಹಿಡೀತೀನಿ ಅಂದವರು ನೀವು.”

ಅವರು ಮೇಜಿನ ಅಂಚನ್ನು ನೋಡುತ್ತ ನಿಂತರು. ಆಕೆ ಕುರ್ಚಿ ಎಳೆದು ಅವರೆದುರೇ ಕೂತಳು. ಇದು ಪ್ಲಾಸ್ಟಿಕ್ಕಿನದೆಂದು, ಸೀಸ ತುಂಬಿದವನೇ ಸೀಸ ತೆಗೆದು ತೋರಿಸಿದನೆಂದು ಹೇಳಿದಳು. ನಿಮ್ಮ ರೈಫಲ್ ಇದಲ್ಲವೆಂದಾದರೆ ಕೊಲೆ ಮಾಡಿದ್ದು ನಿಮ್ಮ ರೈಫಲ್ಲಲ್ಲ, ನಿಮ್ಮ ಬೀರು, ನಿಮ್ಮ ಬೀಗ, ನಿಮ್ಮ ಸೊಂಟ ಎಲ್ಲ ನಿಮ್ಮನ್ನೇ ಕಾಯುತ್ತವೆ. ಆದರೆ ನೀವೇ ಭಾನುವಾರ ತಪ್ಪಿ ಪ್ಲಾಸ್ಟಿಕ್ಕನ್ನು ಮನೆಗೆ ಒಯ್ದಿರಿ ಎಂದು ಸರಕಾರಿ ವಕೀಲರು ಹೇಳಿದರೆ ಮುಗಿಯಿತು. ನಿಮ್ಮ ಬೀರುವಿನಲ್ಲಿ ಇದ್ದದ್ದು ಫೈಬರ್‌ಗ್ಲಾಸೇ ಅನ್ನಲು ಒಂದು ಗುರುತು ಕೊಡಿ, ಒಂದೇ ಒಂದು ಎಂದು ಕೇಳಿಕೊಂಡಳು.

ಗಡಿಯಾರ ಒಂದೂವರೆ ಹೊಡೆಯಿತು.

“ಗುರುತು ಏನೂ ಇಲ್ಲ ಮೇಡಂ. ಸತ್ಯ ತಾನಾಗಿ ಹೊರಗೆ ಬರುತ್ತೆ.”

ಆಕೆಗೆ ಮೇಜು ಎತ್ತಿ ಕುಕ್ಕಬೇಕೆನ್ನಿಸಿತು. ಸತ್ಯಕ್ಕೆ ಕಾಲಿದೆಯೆ, ಎದ್ದು ನಡೆದು ಬರಲು? ಅದನ್ನು ಯಾರಾದರೂ ಹೊತ್ತು ತರಬೇಕು, ಆ ಕತ್ತೆಚಾಕರಿ ಯಾವಾಗಲೂ ತನ್ನ ಪಾಲಿಗೇ ಬೀಳುತ್ತದೆ.

ಅಷ್ಟರಲ್ಲಿ ಬಾಗಿಲಲ್ಲಿ ಕೊಡೆಯ ತುದಿ ಕುಟ್ಟಿದ ಸದ್ದಾಯಿತು. ಮೇಷ್ಟ್ರ ಅಕ್ಕ ಒಳಗೆ ಬಂದಿದ್ದರು.

“ನೀನು ಹೇಳ್ತೀಯೋ, ನಾನು ಹೇಳಲೋ?” ಎಂದು ತಮ್ಮನನ್ನು ಕೇಳಿದರು.

“ಅಕ್ಕಾ, ನೀನು ಸುಮ್ನಿರು.”

“ನಾಲ್ಕು ದಿನದಿಂದ ಸುಮ್ನಿದ್ದೆ. ನೋಡಮ್ಮ, ಇವನು ಸೋಮವಾರ ಸ್ಕೂಲಿಗೆ ರಜೆ ಹಾಕಿ, ಹಿತ್ತಲಲ್ಲಿ ಕೂತು, ಉಪ್ಪುಕಾಗದ ಹಿಡ್ಕೊಂಡು ಆ ಬಂದೂಕಿನ ಕೆನ್ನೆ ಉಜ್ಜಿದ. ಬಣ್ಣ ಹೋಗಿ ಒಳಗಿನ ಬಟ್ಟೆಯ ಎಳೆ ಕಾಣೋವರೆಗೂ ಉಜ್ಜಿದ. ಮತ್ತೆ ಬಣ್ಣ ಬಳಿಯೋದು ನಾಳೆ ಅಂತ ಹಾಗೇ ಎತ್ತಿಟ್ಟ. ನಾಳೆ ನೀನು ಬಂದೆ.”

ಮೇಷ್ಟ್ರು ಗೋಡೆಯ ಕಡೆ ತಿರುಗಿಕೊಂಡರು. ಆಕೆಗೆ ಒಂದು ಕ್ಷಣ ಅರ್ಥವಾಗಲಿಲ್ಲ. ಉಜ್ಜಿದರೆ ಉಜ್ಜಿದರು, ಅದರಲ್ಲಿ ಮುಚ್ಚಿಡುವುದೇನು?

ಕ್ಲಬ್ಬಿನ ನಿಯಮವಿತ್ತಂತೆ. ಪರೀಕ್ಷೆಗೆ ಕೊಟ್ಟ ಸ್ಟಾಕನ್ನು ಯಾರೂ ತಿದ್ದಬಾರದು, ತಿದ್ದಿದವರು ಕ್ಲಬ್ಬಿನಿಂದ ಹೊರಗೆ. ಮುಂದಿನ ಭಾನುವಾರ ಫೈಬರ್‌ಗ್ಲಾಸೇ ಗೆಲ್ಲಲಿ ಎಂದು ಮೇಷ್ಟ್ರು ಗುಟ್ಟಾಗಿ ಅದನ್ನು ತಮ್ಮ ಕೆನ್ನೆಗೆ ಹೊಂದಿಸಿಕೊಂಡಿದ್ದರು. ಚಿತ್ರಸ್ಪರ್ಧೆಯಲ್ಲಿ ಪಕ್ಕದವರ ಗೆರೆ ಕದ್ದ ಮಕ್ಕಳನ್ನು ಬೆಂಚಿನ ಮೇಲೆ ನಿಲ್ಲಿಸುವ ಮೇಷ್ಟ್ರು ಇವರು. ಹೋದ ವರ್ಷ ಇಂಥದೇ ತಪ್ಪಿಗೆ ಒಬ್ಬ ಸದಸ್ಯನನ್ನು ಹೊರಹಾಕಲು ಕೈಯೆತ್ತಿದವರೂ ಇವರೇ.

“ಮೋಸಗಾರ ಅನ್ನಿಸಿಕೊಳ್ಳೋದಕ್ಕಿಂತ...” ಎಂದು ಗೋಡೆಗೇ ಹೇಳಿದರು.

“ಕೊಲೆಗಾರ ಅನ್ನಿಸಿಕೊಳ್ಳೋದು ವಾಸಿನಾ ಮೇಷ್ಟ್ರೇ?” ಎಂದು ಇನ್ಸ್‌ಪೆಕ್ಟರ್ ಕೇಳಿದಳು. ಮೇಷ್ಟ್ರ ಕಿವಿ ಕೆಂಪಾಯಿತು. ಆಕೆಗೆ ಬೈಯಬೇಕೋ ನಗಬೇಕೋ ತಿಳಿಯಲಿಲ್ಲ, ಈ ಮುದಿಮಗುವಿನ ಮೇಲೆ ಅಯ್ಯೋ ಅನ್ನಿಸಿದ್ದಂತೂ ನಿಜ.

ಅಕ್ಕನ ದೂರು ಅಲ್ಲಿಗೇ ಮುಗಿದಿರಲಿಲ್ಲ. ಉಜ್ಜಿದ್ದು ಸಾಲದು ಎಂದು ಆ ಪುಡಿಯನ್ನೆಲ್ಲ ಮೈಗೆ ಮೆತ್ತಿಕೊಂಡು ಬಂದ, ರಾತ್ರಿಯಿಡೀ ತೋಳು ಕೆರೆದುಕೊಂಡ ಎಂದರು. “ಗಾಜಿನ ಪುಡಿಯಂತೆ. ಕಣ್ಣಿಗೆ ಕಾಣಲ್ಲ. ಇವನ ಅಂಗಿ ಜೊತೆ ನನ್ನ ಬಟ್ಟೆನೂ ಒಗೆದೆ ನೋಡು, ನನಗೂ ಹತ್ತಿತು. ಎರಡು ದಿನ ಈ ಬೆಂಚಿನ ಮೇಲೆ ಬೆನ್ನು ಉಜ್ಜಿಕೊಂಡು ಕೂತಿದ್ದೆ. ನಿಮ್ಮವರೆಲ್ಲ ನನಗೇನೋ ಮರುಳು ಅಂದುಕೊಂಡರು.”

ತಮ್ಮನ ಮಾತಿಗೆ ಸಾಕ್ಷಿ ಅಕ್ಕನೊಬ್ಬಳೇ ಆದರೆ ಕೋರ್ಟು ಒಪ್ಪದು. ಇನ್ಸ್‌ಪೆಕ್ಟರ್ ರೈಫಲ್ಲಿನ ಪೆಟ್ಟಿಗೆಯನ್ನು ಕಿಟಕಿಯ ಬಳಿಗೆ ಒಯ್ದು ತೆರೆದಳು. ಒಳಗೆ ಕಪ್ಪು ಸ್ಪಂಜಿನ ಹಾಸು. ಕೆನ್ನೆಯ ಭಾಗ ಕೂರುವ ಕಡೆ ಅಂಗೈಯಿಂದ ಒತ್ತಿ ಸವರಿ, ಬಿಸಿಲಿಗೆ ಓರೆಯಾಗಿ ಹಿಡಿದು ನೋಡಿದಳು. ಸ್ಪಂಜಿನ ತುಂಬ ಕೂದಲಿಗಿಂತ ಸಣ್ಣ ಚೂರುಗಳು ಮಿನುಗಿದವು. ಮೇಷ್ಟ್ರ ರೈಫಲ್ ಈ ಪೆಟ್ಟಿಗೆಯಲ್ಲೇ ಠಾಣೆಗೆ ಬಂದಿತ್ತು. ಠಾಣೆಯೊಳಗೇ ಯಾರೋ ಅದನ್ನೆತ್ತಿ, ಕೊಲೆಯ ರೈಫಲ್ಲನ್ನು ಅದರ ಜಾಗದಲ್ಲಿ ಮಲಗಿಸಿದ್ದರು.

ಎರಡು ಗಂಟೆಗೆ ಆಕೆ ಸಾಹೇಬರ ಕೋಣೆಗೆ ಹೋದಳು. ಕೇಳಬೇಕಾದದ್ದು ಇಷ್ಟೇ, ಮೇಷ್ಟ್ರನ್ನು ಹಾಜರುಪಡಿಸಲು ಒಂದು ದಿನದ ಸಮಯ. ಅದಕ್ಕೆ ಸಾಹೇಬರ ರುಜು ಬೇಕಿತ್ತು.

ಸಾಹೇಬರು ಫ್ಯಾನಿನ ನೇರ ಕೆಳಗೆ, ಆ ಸೆಖೆಯಲ್ಲೂ ಮಣಿಕಟ್ಟಿನವರೆಗೆ ಗುಂಡಿ ಹಾಕಿದ ತುಂಬುತೋಳಿನ ಅಂಗಿಯಲ್ಲಿ ಕೂತಿದ್ದರು. ಆಕೆ ರಿಪೇರಿಯವನ ಹೇಳಿಕೆಯ ವಿಷಯ ಹೇಳಿದಳು, ಸೀಸದ ವಿಷಯ ಹೇಳಿದಳು. ಅವರು ಪೂರ್ತಿ ಕೇಳಲಿಲ್ಲ. ಫೈಬರ್‌ಗ್ಲಾಸು ಪ್ಲಾಸ್ಟಿಕ್ಕು ಎಂಬ ಅಂಗಡಿ ಮಾತನ್ನೆಲ್ಲ ಕೋರ್ಟಿಗೆ ತಂದರೆ ಇಲಾಖೆಯ ಮಾನ ಹೋಗುತ್ತದೆ, ಮೊಹರು ತಡವಾಗಿ ಹಾಕಿದ್ದು ಯಾರೆಂದು ಮೊದಲು ಕೇಳುತ್ತಾರೆ, ನಿಮ್ಮ ನೌಕರಿಗೇ ಕುತ್ತು ಎಂದರು. ಅದು ಸುಳ್ಳಲ್ಲವೆಂಬುದೇ ಆಕೆಯ ಸಂಕಟ.

“ಮೂರಕ್ಕೆ ಮೇಷ್ಟ್ರನ್ನ ಹಾಜರುಪಡಿಸಿ. ರೈಫಲ್ಲು, ಪೆಟ್ಟಿಗೆ, ಆ ಹೇಳಿಕೆ, ಮೂರನ್ನೂ ಇಲ್ಲಿಟ್ಟು ಹೋಗಿ. ನನ್ನ ಕಪಾಟಿನಲ್ಲಿ ಭದ್ರವಾಗಿರುತ್ತೆ.”

ಆಕೆಯ ಅಂಗೈ ಚುರುಗುಟ್ಟುತ್ತಿತ್ತು. ಸ್ಪಂಜು ಸವರಿದಾಗಿನಿಂದ ಶುರುವಾದದ್ದು, ಈಗ ಮಣಿಕಟ್ಟಿಗೂ ಏರಿತ್ತು. ಸೊಳ್ಳೆ ಕಚ್ಚಿದ್ದಕ್ಕಿಂತ ಬೇರೆ ಥರ, ಸಣ್ಣ ಸೂಜಿಗಳು ಒಳಗೆ ನಿಂತ ಹಾಗೆ. ಆಕೆ ಮೇಜಿನ ಕೆಳಗೆ ಮೆಲ್ಲಗೆ ಕೆರೆದುಕೊಂಡಳು.

ಎದುರಿಗೆ ಸಾಹೇಬರು ಅಡಿಪಟ್ಟಿಯೊಂದನ್ನು ಕಾಲರಿನೊಳಗೆ ತೂರಿಸಿ ಬೆನ್ನು ಕೆರೆದುಕೊಳ್ಳುತ್ತಿದ್ದರು.

ಆಕೆಯ ಕೈ ಅಲ್ಲೇ ನಿಂತಿತು.

ಬಾಗಿಲು ತೆರೆದು ಏಣಿ ತಲೆ ಹಾಕಿದ. ಅವನ ಹಿಂದೆ ಲಾಂಡ್ರಿಯವನು, ತಾನು ಕೊಲೆಯನ್ನೇ ಮಾಡಿದವನ ಹಾಗೆ ಬೆವರುತ್ತ, ಕೈಮುಗಿದುಕೊಂಡು ಒಳಗೆ ಬಂದ. ಸಾಹೇಬರು ಈಗ ಬೇಡ, ಆಮೇಲೆ ಎಂದು ಕೈಯಾಡಿಸಿದರು. ಆದರೆ ಎರಡು ದಿನದಿಂದ ಸಾಹೇಬರ ಮನೆಯವರಿಂದ ಬೈಸಿಕೊಂಡ ಮನುಷ್ಯ, ಹೇಳಲು ಸಿಕ್ಕ ಅವಕಾಶ ಬಿಡುವ ಸ್ಥಿತಿಯಲ್ಲಿರಲಿಲ್ಲ.

“ನನ್ನ ಪುಡಿದು ತಪ್ಪಿಲ್ಲ ಸಾರ್. ಊರಿಗೆಲ್ಲ ಅದೇ ಪುಡಿ ಹಾಕ್ತೀನಿ. ಬುಧವಾರ ನಿಮ್ಮ ಮನೆಯಿಂದ ಬಂದ ಗಂಟಿನಲ್ಲಿ ಒಂದೇ ಒಂದು ಅಂಗಿ ಕೆಟ್ಟಿತ್ತು. ನಿಮ್ಮದೇ. ಎದೆ ಮೇಲೆ, ತೋಳಿನ ಮೇಲೆ ಎಲ್ಲ ಏನೋ ಚುಚ್ಚೋ ಪುಡಿ. ಉಳಿದ ಬಟ್ಟೆಗೆಲ್ಲ ಅದರಿಂದ್ಲೇ ಹತ್ತಿದ್ದು. ನನ್ನ ಮೇಲೆ ಗೂಬೆ ಕೂರಿಸ್ತಾರೆ ಅಂತ ಗೊತ್ತಿತ್ತು, ಅದಕ್ಕೆ ಆ ಅಂಗಿನ ಮತ್ತೆ ಒಗೀದೆ ಬೇರೆ ಕಟ್ಟಿಟ್ಟಿದೀನಿ.”

ಇನ್ಸ್‌ಪೆಕ್ಟರ್ ಕತ್ತು ತಿರುಗಿಸಲಿಲ್ಲ. ಮಡಿಲಲ್ಲಿದ್ದ ಹೇಳಿಕೆಯ ಕಾಗದವನ್ನು ಎರಡು ಕೈಯಲ್ಲಿ ಹಿಡಿದುಕೊಂಡಳು. ಗೋಡೆಯ ಆಚೆ ಕೊಡೆಯ ತುದಿ ನೆಲಕ್ಕೆ ಕುಟ್ಟುತ್ತಿತ್ತು. ಮೂರಕ್ಕೆ ಇನ್ನು ನಲವತ್ತು ನಿಮಿಷ.

ಅಡಿಪಟ್ಟಿ ಮೇಜಿನ ಮೇಲೆ ಬಂದು ಕೂತಿತು. ಎರಡು ದಿನದಿಂದ ಫೋನಿನಲ್ಲಿ ಕೂಗಾಡುತ್ತಿದ್ದ ಸಾಹೇಬರು ಈಗ ತುಂಬ ಮೆತ್ತಗೆ, ಮಗುವನ್ನು ಮಾತಾಡಿಸುವ ಹಾಗೆ ಕೇಳಿದರು.

“ಆ ಅಂಗಿ ಈಗ ಎಲ್ಲಿದೆ?”

ಕೊನೆಗೂ ತನ್ನ ಮಾತು ಕೇಳುವವರೊಬ್ಬರು ಸಿಕ್ಕರೆಂದು ಲಾಂಡ್ರಿಯವನ ಮುಖ ಅರಳಿತು. ಅವನು ಹೇಳಲು ಬಾಯಿ ತೆರೆದ.